‘ಜೀರ್ಣೋದ್ಧಾರ’ ಅನ್ನೋ ಪದ ಹಳೇ ಜಾವಾಗೆ ಒಪ್ಪುತ್ತಾ?

ನಮಸ್ಕಾರ. ಊರು ಮೈಸೂರು, ಇರೋದು ಪುಣೆ. ಅಪ್ಪನ 1968ರ ಜಾವಾ 250 ಬೈಕನ್ನ ಎರಡು ವರ್ಷದಿಂದ ಬಿಚ್ಚಿ ಜೋಡಿಸ್ತಾ ಇದೀನಿ, ಈಗ ಮುಗಿಯೋ ಹಂತಕ್ಕೆ ಬಂದಿದೆ. ಜುಲೈ ಎರಡನೇ ಭಾನುವಾರ ಜಾವಾ, ಯೆಜ್ಡಿ ಇರೋರೆಲ್ಲ ಗಾಡಿ ಹೊರಗೆ ತರ್ತಾರಲ್ಲ, ಅವತ್ತು ಪಕ್ಕದಲ್ಲಿ ಒಂದು ಚಿಕ್ಕ ಬೋರ್ಡ್ ಇಡಬೇಕು ಅಂತ ಆಸೆ. ಗಾಡಿ ತಯಾರಾಗಿದ್ದು ನಮ್ಮ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ, 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು, ಹಾಗಾಗಿ ಪುಣೆಯಲ್ಲಿ ನಿಂತರೂ ಬೋರ್ಡು ಕನ್ನಡದಲ್ಲೇ ಇರಬೇಕು ಅಂತ ಹಟ. ಆದ್ರೆ ಮೊದಲನೇ ಸಾಲಿಗೇ ಪದ ಸಿಗದೆ ನಿಂತುಬಿಟ್ಟಿದೀನಿ.

ರೆಸ್ಟೋರ್ ಮಾಡಿದೀನಿ ಅನ್ನೋದಕ್ಕೆ ಏನನ್ನಬೇಕು? ರಿಪೇರಿ, ದುರಸ್ತಿ ಎರಡೂ ಅಲ್ಲ, ಗಾಡಿ ಓಡೋ ಹಾಗಾದ್ರೆ ರಿಪೇರಿ ಮುಗೀತು, ಒಳಗೆ ಯಾವ ಕಾಲದ ಸಾಮಾನು ಹಾಕಿದಾರೆ ಅಂತ ಯಾರೂ ಕೇಳಲ್ಲ. ನವೀಕರಣ ಅಂದ್ರೆ ಲೈಸೆನ್ಸು ನೆನಪಿಗೆ ಬರುತ್ತೆ, ಅದೂ ಅಲ್ದೆ ಆ ಪದದೊಳಗೇ ‘ನವ’ ಕೂತಿದೆ, ನಾನು ಮಾಡಿದ್ದು ಅದಕ್ಕೆ ತದ್ವಿರುದ್ಧ. ಕಾಯಕಲ್ಪ ಅಂತ ಪೇಪರಿನೋರು ಕೆರೆಗೂ ಬರೀತಾರೆ, ಬಸ್‌ಸ್ಟ್ಯಾಂಡಿಗೂ ಬರೀತಾರೆ.

ಉಳಿದಿದ್ದು ಜೀರ್ಣೋದ್ಧಾರ. ನನಗೆ ಈ ಪದದ ಮೇಲೆ ತುಂಬಾ ಪ್ರೀತಿ. ದೇವಸ್ಥಾನಕ್ಕೆ ಭೂಮಿ ಬಿಟ್ಟ ನಮ್ಮ ಹಳೇ ಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಅಂತ ಬರುತ್ತೆ, ಅಂದ್ರೆ ಮುರಿದಿದ್ದು, ಬಿರುಕು ಬಿಟ್ಟಿದ್ದು, ಹಳತಾಗಿ ಸವೆದಿದ್ದನ್ನ ಎತ್ತಿ ನಿಲ್ಲಿಸೋದಕ್ಕೆ ಅಂತಾನೇ ದತ್ತಿ. ಎರಡು ವರ್ಷ ನಾನು ಮಾಡಿದ್ದೂ ಅಕ್ಷರಶಃ ಅದೇ. ಆದ್ರೆ ಪಕ್ಕದ ಮನೆ ವಿಜಯಪುರದ ಕಾಕಾ ಕೇಳಿ, ‘ಅದು ಗುಡಿಗೆ ಮಾಡೂದಲ್ಲೇನು? ಗಾಡಿ ಹಸನ ಮಾಡೇನಿ ಅನ್ನು, ಮುಗೀತು’ ಅಂದ್ರು. ಹಸನು ಚೆನ್ನಾಗಿದೆ, ಹೊಲ ಹಸನು ಮಾಡೋದು, ಬಾಳು ಹಸನಾಗೋದು ಎಲ್ಲ ನಮ್ಮ ಕಡೆಯೂ ಉಂಟು, ಆದ್ರೆ ಅದರಲ್ಲಿ ಹಳೇದು ಅನ್ನೋ ಸುಳಿವೇ ಇಲ್ಲ. ಇನ್ನೊಂದು ತೊಡಕು ಏನಂದ್ರೆ ಈಗೀಗ ಜೀರ್ಣೋದ್ಧಾರ ಅಂದ್ರೆ ಹಳೇ ಕಲ್ಲಿನ ಮೇಲೆ ಟೈಲ್ಸ್ ಹಾಕಿ ಕಂಬಕ್ಕೆ ಆಯಿಲ್ ಪೇಂಟ್ ಬಳಿಯೋದು ಅಂತಲೂ ಆಗ್ಬಿಟ್ಟಿದೆ, ಅದು ನನಗೆ ಸಂಕಟ.

ಯಾಕೆ ಸಂಕಟ ಅಂದ್ರೆ ಅದೇ ನನ್ನ ಗಾಡಿಗೂ ಆಗಿತ್ತು. ಮೊದಲು ಇಲ್ಲೇ ಒಂದು ವರ್ಕ್‌ಶಾಪಿಗೆ ಕೊಟ್ಟಿದ್ದೆ. ಮರೂನ್ ಬಣ್ಣವೇನೋ ಹೊಳೀತಿತ್ತು, ಆದ್ರೆ ಟ್ಯಾಂಕಿನ ಮೇಲೆ ಬ್ರಷ್ಷಲ್ಲಿ ಎಳೆದಿದ್ದ ಚಿನ್ನದ ಬಣ್ಣದ ಗೆರೆ ಕೆರೆದು ಹಾಕಿ ಸ್ಟಿಕ್ಕರ್ ಅಂಟಿಸಿದ್ರು. ಕೈಯಲ್ಲಿ ಎಳೆದ ಗೆರೆ ತಿರುವಿನಲ್ಲಿ ಕೂದಲೆಳೆಯಷ್ಟು ದಪ್ಪ ಆಗಿ ಆಮೇಲೆ ಸಣ್ಣ ಆಗುತ್ತೆ, ಸ್ಟಿಕ್ಕರಲ್ಲಿ ಎಲ್ಲಿ ಬರ್ಬೇಕು ಅದು. ಇಂಜಿನ್ ಕವರಿಗೆ ಮೈನಸ್ ಸ್ಕ್ರೂ ಇದ್ದ ಕಡೆ ಪ್ಲಸ್ ಸ್ಕ್ರೂ, 6 ವೋಲ್ಟ್ ವೈರಿಂಗ್ ಕಿತ್ತು 12 ವೋಲ್ಟ್. ಗಾಡಿ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗ್ತಿತ್ತು, ನನಗೆ ಮಾತ್ರ ಅಪ್ಪನ ಗಾಡಿ ಅನ್ನಿಸ್ತಾನೇ ಇರಲಿಲ್ಲ. ಆಮೇಲೆ ಇಲ್ಲಿನ ಹಳೇ ಸಾಮಾನಿನ ಸಂತೆ ಜುನಾ ಬಜಾರಲ್ಲಿ ಭಾನುವಾರ ಭಾನುವಾರ ಕೂತು ಮೈನಸ್ ಸ್ಕ್ರೂ ಒಂದೊಂದೇ ಆರಿಸಿ ತಂದೆ.

ಎರಡನೇ ಪ್ರಶ್ನೆ ಇಲ್ಲೇ ಬರೋದು. ಆ ಸ್ಕ್ರೂ, ಆ ಗೆರೆ, ಆ ವೈರಿಂಗು ಎಲ್ಲ ಆ ಕಾಲಕ್ಕೆ ಸರಿಯಾದದ್ದು ಅನ್ನೋದನ್ನ ಒಂದೇ ಪದದಲ್ಲಿ ಹೇಳೋದು ಹೇಗೆ? ನಾನಾ ಪೇಠದ ಮೆಕ್ಯಾನಿಕ್ ಮರಾಠಿಯಲ್ಲಿ ‘ಜಶೀಚ್ಯಾ ತಶೀ’ ಅಂತಾರೆ, ಹೇಗಿತ್ತೋ ಹಾಗೇ ಅಂತ. ಕಾಲೋಚಿತ ಅಂದ್ರೆ ಸಂದರ್ಭಕ್ಕೆ ತಕ್ಕದ್ದು ಅಂತ ಆಗುತ್ತೆ, ಮಳೆಗಾಲಕ್ಕೆ ಕೊಡೆ ಇದ್ದ ಹಾಗೆ. ಕಾಲಬದ್ಧ ಅಂದ್ರೆ ಇಷ್ಟು ದಿನದೊಳಗೆ ಮುಗಿಸಬೇಕಾದ್ದು. ತತ್ಕಾಲೀನ ಅರ್ಥದಲ್ಲಿ ಸರಿಯಾಗೇ ಇದೆ, ಆದ್ರೆ ಓದೋರ ಕಣ್ಣಿಗೆ ತಾತ್ಕಾಲಿಕ ಅಂತ ಕಾಣಿಸಿದ್ರೆ ಪೂರ್ತಿ ಉಲ್ಟಾ, ಜೊತೆಗೆ ರೈಲ್ವೆಯ ತತ್ಕಾಲ್ ಬೇರೆ ಇದೆ. ಅಸಲಿ ಅಂತ ಹಾಕೋಣ ಅಂದ್ರೆ ಎಲ್ಲಾ ಸಾಮಾನೂ ಈ ಗಾಡಿಯದ್ದೇ ಅಲ್ಲ, ಎಷ್ಟೋ ಸ್ಕ್ರೂ ಬೇರೆ ಗಾಡಿದು, ಕಾಲ ಮಾತ್ರ ಅದೇ, ಅಸಲಿ ಅಂದ್ರೆ ಸುಳ್ಳು ಹೇಳಿದ ಹಾಗಾಗುತ್ತೆ. ತಿರುಗಿ ತಿರುಗಿ ಕೊನೆಗೆ ‘ಅಂದಿನಂತೆ’ ಅನ್ನೋದರ ಹತ್ರ ಬಂದು ನಿಂತಿದೀನಿ. ಅಂದಿನ ಸ್ಕ್ರೂ, ಅಂದಿನ ಗೆರೆ, ಅಂದಿನ ವೈರಿಂಗು, ಹೇಳಿ ನೋಡಿದ್ರೆ ನಾಲಿಗೆಗೆ ಹಿತವಾಗೇ ಇದೆ. ‘1968ರ ಜಾವಾ 250, ಮೈಸೂರು. ಅಂದಿನಂತೆ ಜೀರ್ಣೋದ್ಧಾರ’ ಅಂತ ಬರೆದ್ರೆ ಜೀರ್ಣೋದ್ಧಾರಕ್ಕೆ ಅಂಟಿರೋ ಟೈಲ್ಸ್ ಅರ್ಥವೂ ಕಳಚುತ್ತೆ ಅಂತ ನನ್ನ ಲೆಕ್ಕ. ತಪ್ಪಿದ್ರೆ ಹೇಳಿ.

ಇನ್ನೊಂದು ಉಳೀತು. ಜಾವಾದಲ್ಲಿ ಗೇರ್ ಲಿವರ್ರೇ ಕಿಕ್ಕರ್ರು, ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದ್ರೆ ಕಿಕ್ ಹೊಡೀಬಹುದು. ಆ ಲಿವರಿನ ತುದಿಯಲ್ಲಿ ಅಪ್ಪನ ಚಪ್ಪಲಿ ಉಜ್ಜಿ ಉಜ್ಜಿ ಕ್ರೋಮ್ ಹೋಗಿ ಒಂದು ಹೆಬ್ಬೆಟ್ಟಿನಗಲ ಬೂದು ಬಣ್ಣದ ನುಣುಪು ಜಾಗ ಇದೆ. ಅಂದಿನಂತೆ ಅಂತ ಹೇಳಿದ ಮೇಲೆ ಅದಕ್ಕೂ ಕ್ರೋಮ್ ಹಾಕಿಸಬೇಕು, ನನಗೆ ಮನಸ್ಸಿಲ್ಲ, ಹಾಗೇ ಬಿಡ್ತೀನಿ, ಬೋರ್ಡಲ್ಲೂ ಹೇಳ್ತೀನಿ. ಅದಕ್ಕೇನನ್ನೋದು? ತುಕ್ಕಲ್ಲ, ಕಿಲುಬಲ್ಲ, ಸವಕಲು ಅಂದ್ರೆ ಬೆಲೆ ಇಲ್ಲದ್ದು ಅಂತ ಕೇಳಿಸುತ್ತೆ. ಅಮ್ಮ ದೋಸೆ ಕಾವಲಿಗೆ ‘ಪಳಗಿದೆ’ ಅಂತಾರಲ್ಲ, ಆ ಪದ ಇದಕ್ಕೆ ಹಾಕಬಹುದಾ? ಕಾವಲಿ ಬಿಟ್ಟು ಬೇರೆ ಕಬ್ಬಿಣದ ಸಾಮಾನಿಗೆ, ನೇಗಿಲಿಗೋ ಕುಡುಗೋಲಿಗೋ, ನಿಮ್ಮೂರ ಕಡೆ ಪಳಗಿದ್ದು ಅಂತ ಅನ್ನೋದನ್ನ ಕೇಳಿದೀರಾ?