ಪೈಥಾನ್: ರೀಡ್ ಮೆಥಡ್ ಇದೆ, ಆದರೂ ಹ್ಯಾಶ್ ಲೆಕ್ಕ ಆಗುತ್ತಿಲ್ಲ

ಪ್ರಶ್ನೆ:
ಫೈಲ್ ಕೊಟ್ಟರೆ ಅದರ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೈಟ್‌ಗಳಿಂದ ಸಿಗುವ ಗುರುತಿನ ಸಂಖ್ಯೆ) ಲೆಕ್ಕ ಹಾಕುವ ಫಂಕ್ಷನ್ ಬರೆದಿದ್ದೇನೆ. ಫೈಲೇ ಆಗಬೇಕೆಂದಿಲ್ಲ, ರೀಡ್ ಮೆಥಡ್ ಇರುವ ಯಾವ ಆಬ್ಜೆಕ್ಟ್ ಆದರೂ ನಡೆಯಲಿ ಅಂತ, ಆ ಹೆಸರಿನ ಮೆಥಡ್ ಇದೆಯಾ ಎಂದು ನೋಡುವ ಹ್ಯಾಸ್‌ಆಟ್ರ್ ಚೆಕ್ ಇಟ್ಟಿದ್ದೆ. ಬೈಟ್ಸ್‌ಐಓ (ಫೈಲಿನ ಹಾಗೆ ಓದಬಹುದಾದ, ಮೆಮೊರಿಯಲ್ಲಿರುವ ಬೈಟ್ಸ್) ಕೊಟ್ಟಾಗ ಎಲ್ಲ ಸರಿ ಇತ್ತು. ನಿನ್ನೆ ಗೆಳೆಯರೊಬ್ಬರು ಓಡಿಸಿದರೆ ಟೈಪ್‌ಎರರ್ ಬಂತು, ಸ್ಟ್ರಿಂಗನ್ನು ಮೊದಲು ಎನ್‌ಕೋಡ್ ಮಾಡಿ ಅಂತ. ಆಮೇಲೆ ಪ್ರೋಟೋಕಾಲ್ ಕ್ಲಾಸ್ (ಆಬ್ಜೆಕ್ಟ್‌ಗೆ ಯಾವ ಮೆಥಡ್ ಇರಬೇಕು ಅಂತ ಹೇಳುವ ಕ್ಲಾಸ್) ಬರೆದು, ಓಡುವಾಗಲೂ ಚೆಕ್ ಆಗಲಿ ಅಂತ ರನ್‌ಟೈಮ್ ಚೆಕಬಲ್ ಮಾಡಿ, ಆಬ್ಜೆಕ್ಟ್ ಅದಕ್ಕೆ ಹೊಂದುತ್ತದೆಯೇ ಎಂದು ಇಸ್‌ಇನ್‌ಸ್ಟನ್ಸ್ ಹಾಕಿ ನೋಡಿದೆ. ಅದೂ ಟ್ರೂ ಅಂತಲೇ ಹೇಳುತ್ತಿದೆ.

ಉತ್ತರ 1:
ಅವರು ಫೈಲನ್ನು ಯಾವ ಮೋಡ್‌ನಲ್ಲಿ ತೆರೆದಿದ್ದರು ಕೇಳಿ. ಓಪನ್‌ಗೆ ಸುಮ್ನೆ ಹೆಸರು ಕೊಟ್ಟರೆ ಟೆಕ್ಸ್ಟ್ ಮೋಡ್ ಆಗುತ್ತದೆ. ನಿಮಗೆ ಬೇಕಾದದ್ದು ‘ಆರ್‌ಬಿ’, ಅಂದರೆ ಬೈಟ್‌ಗಳನ್ನು ಇದ್ದ ಹಾಗೇ ಓದುವ ಮೋಡ್.

ಪ್ರಶ್ನೆ ಕೇಳಿದವರು:
ಹೌದು, ಅವರು ಆರ್‌ಬಿ ಹಾಕಿರಲಿಲ್ಲ. ಆದರೆ ನನ್ನ ಚೆಕ್‌ಗೆ ಅದು ಯಾಕೆ ಸಿಗಲಿಲ್ಲ? ಟೆಕ್ಸ್ಟ್ ಬಂದರೆ ನಾನೇ ಯುಟಿಎಫ್-8ಗೆ ಎನ್‌ಕೋಡ್ ಮಾಡಿಬಿಡಲೇ?

ಉತ್ತರ 2:
ದಯವಿಟ್ಟು ಎನ್‌ಕೋಡ್ ಮಾಡಬೇಡಿ. ಎರರ್ ನಿಲ್ಲುತ್ತದೆ, ಆದರೆ ಉತ್ತರ ತಪ್ಪಾಗಬಹುದು. ವಿಂಡೋಸ್‌ನಲ್ಲಿ ಬರೆದ ಫೈಲಿನ ಸಾಲಿನ ಕೊನೆಯಲ್ಲಿ ಸಾಮಾನ್ಯವಾಗಿ 2 ಬೈಟ್ ಇರುತ್ತವೆ. ಟೆಕ್ಸ್ಟ್ ಮೋಡ್ ಓದುವಾಗಲೇ ಅವನ್ನು ಒಂದು ಮಾಡುತ್ತದೆ. ಆಗ ಸಿಗುವ ಹ್ಯಾಶ್ ಆ ಫೈಲಿನದ್ದಲ್ಲ. ಎರರ್ ಬರುವುದಕ್ಕಿಂತ ಇದು ಜಾಸ್ತಿ ಅಪಾಯ, ಅಲ್ವಾ?

ಇನ್ನು ಚೆಕ್ ವಿಷಯ. ಹ್ಯಾಸ್‌ಆಟ್ರ್ ಡಬ್ಬಿ ಮೇಲಿನ ಚೀಟಿ ಓದಿದ ಹಾಗೆ. ಒಳಗಿರುವುದು ಉಪ್ಪೋ ಸಕ್ಕರೆಯೋ ಅದಕ್ಕೆ ತಿಳಿಯದು. ಟೆಕ್ಸ್ಟ್ ಕೊಡುವ ಸ್ಟ್ರಿಂಗ್‌ಐಓಗೂ ರೀಡ್ ಇದೆ, ಬೈಟ್ಸ್‌ಐಓಗೂ ಇದೆ. ಪೈಥಾನ್ 3.8ರಲ್ಲಿ ಬಂದ ಪ್ರೋಟೋಕಾಲ್ ಕೂಡ ಓಡುವಾಗ ಮೆಥಡ್ ಇದೆಯಾ ಅಂತ ಮಾತ್ರ ನೋಡುತ್ತದೆ. ಅದು ಏನು ವಾಪಸ್ ಕೊಡುತ್ತದೆ ಅಂತ ನೋಡುವುದಿಲ್ಲ. ರೀಡ್ ಬೈಟ್ಸ್ ಕೊಡಬೇಕು ಅಂತ ಅದರಲ್ಲೇ ಬರೆದು, ಕೋಡ್ ಓಡಿಸುವ ಮೊದಲು ಮೈಪೈ (ಟೈಪ್‌ಗಳನ್ನು ಚೆಕ್ ಮಾಡುವ ಟೂಲ್) ಹಾಕಿದರೆ ಈ ತಪ್ಪು ಸಿಕ್ಕಿಬೀಳುತ್ತದೆ.

ಓಡುವಾಗಲೂ ಹಿಡಿಯಬೇಕೆಂದರೆ ಆಬ್ಜೆಕ್ಟನ್ನು ಬಿಟ್ಟು, ಅದು ಕೊಟ್ಟದ್ದನ್ನು ನೋಡಿ. ಮೊದಲ ತುಂಡು ಓದಿದ ಕೂಡಲೇ ಬೈಟ್ಸ್ ಹೌದೋ ಅಲ್ಲವೋ ಚೆಕ್ ಮಾಡಿ. ಅಲ್ಲದಿದ್ದರೆ ‘ಫೈಲನ್ನು ಆರ್‌ಬಿ ಮೋಡ್‌ನಲ್ಲಿ ತೆರೆಯಿರಿ’ ಅಂತ ನೀವೇ ಟೈಪ್‌ಎರರ್ ಎಬ್ಬಿಸಿ. ತುಂಡು ಖಾಲಿಯೇ ಅಂತ ನೋಡುವ ಮೊದಲೇ ಈ ಚೆಕ್ ಇರಲಿ. ಇಲ್ಲದಿದ್ದರೆ ಖಾಲಿ ಟೆಕ್ಸ್ಟ್ ಫೈಲ್ ತಪ್ಪಿಸಿಕೊಳ್ಳುತ್ತದೆ. ಓದುವ ಮೊದಲೇ ತಿಳಿಯಬೇಕಾದರೆ ರೀಡ್‌ಗೆ 0 ಕೊಡಿ. ಮಾಮೂಲಿ ಫೈಲಿನಲ್ಲಿ ಏನೂ ಖರ್ಚಾಗುವುದಿಲ್ಲ. ಖಾಲಿ ಸ್ಟ್ರಿಂಗ್ ಬಂತೋ ಖಾಲಿ ಬೈಟ್ಸ್ ಬಂತೋ ಗೊತ್ತಾಗುತ್ತದೆ.

ಪ್ರಶ್ನೆ ಕೇಳಿದವರು:
ಮೊದಲ ತುಂಡಿನ ಚೆಕ್ ಹಾಕಿ, ಹ್ಯಾಸ್‌ಆಟ್ರ್ ತೆಗೆದೆ. ಆರ್‌ಬಿಯಲ್ಲಿ ತೆರೆದ ಅದೇ ಫೈಲಿನ ಹ್ಯಾಶ್ ಈಗ ಲಿನಕ್ಸ್‌ನ ಎಸ್‌ಎಚ್‌ಎ256ಸಮ್ ಕಮಾಂಡ್ ಕೊಡುವುದಕ್ಕೆ ಸರಿಯಾಗಿ ಹೊಂದುತ್ತಿದೆ. ತುಂಬಾ ಥ್ಯಾಂಕ್ಸ್.