ಮರು: ಜೇನಿನ ಯಂತ್ರಕ್ಕೆ ‘ಗಾಣ’ ಎನ್ನಬಹುದೇ? (ನಾಳೆ ಬೆಳಿಗ್ಗೆಯೊಳಗೆ ಬೇಕು)

ಜೇನುತುಪ್ಪ ತೆಗೆಯುವ ನಿಮ್ಮ ಯಂತ್ರದ ಫಲಕಕ್ಕೆ ‘ಜೇನುಗಾಣ’ ಬೇಡ. ಫಲಕ ಬರೆಯುವವರನ್ನು ಈಗಲೇ ತಡೆಯಿರಿ.

ಗಾಣ ಹಿಂಡುತ್ತದೆ. ಕಬ್ಬು ಕೊಟ್ಟರೆ ಸಿಪ್ಪೆ, ಎಳ್ಳು ಕೊಟ್ಟರೆ ಹಿಂಡಿ ಉಳಿಯುತ್ತದೆ. ನಿಮ್ಮ ಸಂಘ ಮಾಡಿಸಿರುವ ಯಂತ್ರ ಹುಟ್ಟಿದ್ದೇ ಹಿಂಡುವುದನ್ನು ತಪ್ಪಿಸಲು. 1865ರಲ್ಲಿ ಆಸ್ಟ್ರಿಯಾದ ಸೇನಾಧಿಕಾರಿ ಫ್ರಾನ್ಸ್ ಹ್ರುಷ್ಕಾ ತೋರಿಸಿಕೊಟ್ಟ ಉಪಾಯವದು: ಹುಳುಗಳು ಚೌಕಟ್ಟಿನಲ್ಲಿ ಕಟ್ಟಿದ ಮೇಣದ ಎರಿಯ ಮುಚ್ಚಳ ಕೊಯ್ದು, ಆ ಚೌಕಟ್ಟನ್ನು ಡ್ರಮ್ಮಿನೊಳಗೆ ನಿಲ್ಲಿಸಿ ಸುತ್ತಿಸಿದರೆ ತುಪ್ಪ ಮಾತ್ರ ಸಿಡಿದು ಡ್ರಮ್ಮಿನ ಮೈಗುಂಟ ಇಳಿಯುತ್ತದೆ. ಎರಿ ಮುರಿಯದೆ ಪೆಟ್ಟಿಗೆಗೆ ಮರಳುತ್ತದೆ. ಹೊಸ ಮೇಣ ಕಟ್ಟಲು ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಹುಳುಗಳು ಮತ್ತೆ ತುಪ್ಪ ತಿನ್ನಬೇಕಾಗಿಲ್ಲ. ಫಲಕದ ಮೇಲೆ ‘ಗಾಣ’ ಎಂದು ಓದಿದವರು ಹೆಜ್ಜೇನಿನ ಎರಿಯ ತುಂಡುಗಳನ್ನೇ ಒಳಗೆ ತುರುಕಿದರೆ ತಪ್ಪು ಅವರದಲ್ಲ, ಪದದ್ದು.

‘ಮಧುನಿಷ್ಕಾಸಕ’ ಇನ್ನೂ ಕೆಟ್ಟದ್ದು. ನಿಷ್ಕಾಸನವೆಂದರೆ ಹೊರದೂಡುವುದು. ಅದನ್ನು ವಾಹನದ ಹೊಗೆಗೆ ಬಿಟ್ಟುಬಿಡಿ.

ನನ್ನ ಸೂಚನೆ ‘ಜೇನುರಾಟೆ’. ಬಾವಿಯ ರಾಟೆ, ನೂಲಿನ ರಾಟೆ ಕಂಡವರಿಗೆ ಅಚ್ಚಿನ ಮೇಲೆ ಸುತ್ತುವ ಸಾಧನವೆಂದು ಬಿಡಿಸಿ ಹೇಳಬೇಕಿಲ್ಲ. ‘ರಾಟೆ ಅಚ್ಚಗನ್ನಡವಲ್ಲ’ ಎಂಬ ಆಕ್ಷೇಪ ಬಂದೇ ಬರುತ್ತದೆ. ಹೌದು, ಸಂಸ್ಕೃತದ ‘ಅರಘಟ್ಟ’ ಸವೆದು ಸವೆದು ಹೀಗಾಗಿದೆ. ಆದರೇನು? ಅಷ್ಟು ಸವೆದಿರುವುದೇ ಬಳಕೆಗೆ ಸಾಕ್ಷಿ. ಆಡುವವರ ಬಾಯಲ್ಲಿ ನಯವಾದ ಪದವನ್ನು ಮೂಲ ಕೆದಕಿ ಹೊರಗಟ್ಟುವುದು ಭಾಷಾಪ್ರೇಮವಲ್ಲ. ‘ಜೇನು’ ಪದವೂ ತಮಿಳಿನ ‘ತೇನ್’, ತೆಲುಗಿನ ‘ತೇನೆ’ಗಳ ಒಡಹುಟ್ಟು; ನಮ್ಮಲ್ಲಿ ಜಕಾರ ಪಡೆಯಿತು. ಪದಗಳು ಹೀಗೆಯೇ ಬದುಕುತ್ತವೆ. ಅಂಗಡಿಗಳಲ್ಲಿ ‘ಎಕ್ಸ್‌ಟ್ರ್ಯಾಕ್ಟರ್’ ಎಂದು ಕೇಳುವವರಿಗಾಗಿ ಅದನ್ನೂ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿಸಿ, ನನ್ನ ತಕರಾರಿಲ್ಲ.

ಹೆಸರಿಗಿಂತ ನನ್ನನ್ನು ಕಾಡಿದ್ದು ಬಳಸುವ ವಿಧಾನವೆಂದು ಫಲಕಕ್ಕೆ ನೀವು ಬರೆದ ಸಾಲು: ‘ಅರ್ಧ ತುಪ್ಪ ಇಳಿದ ಮೇಲೆ ಎರಿಯನ್ನು ತಿರುಗಿಸಿ.’ ಯಂತ್ರದ ಹಿಡಿಗೂ ‘ತಿರುಗಿಸು’, ಎರಿಗೂ ‘ತಿರುಗಿಸು’ ಎಂದರೆ ಹೇಗೆ? ಹೊಸಬರು ಹಿಡಿಯನ್ನೇ ಇನ್ನಷ್ಟು ಬಿರುಸಾಗಿ ಸುತ್ತಿಸುತ್ತಾರೆ, ಎಳೆಯ ಎರಿ ಡ್ರಮ್ಮಿನೊಳಗಿನ ಜಾಲರಿಗೆ ಒತ್ತಿ ಕುಸಿಯುತ್ತದೆ. ನಾನು ಪೆಟ್ಟಿಗೆಯಿಟ್ಟ ಮೊದಲ ವರ್ಷ ಎರಡು ಎರಿಗಳನ್ನು ಹೀಗೆಯೇ ಕಳೆದುಕೊಂಡೆ. ದೋಸೆಗೆ ಹೇಳುವ ‘ಮಗುಚು’ ಇರುವಾಗ ‘ತಿರುಗಿಸು’ ಏಕೆ? ಹೀಗೆ ಬರೆಸಿ:

ಜೇನುರಾಟೆ – ಎರಡು ಚೌಕಟ್ಟಿನದು
ಮೊದಲು ಮೆಲ್ಲಗೆ ಸುತ್ತಿಸಿ. ಅರ್ಧ ತುಪ್ಪ ಇಳಿದ ಮೇಲೆ ನಿಲ್ಲಿಸಿ, ಎರಿ ಮಗುಚಿ, ಮತ್ತೆ ಸುತ್ತಿಸಿ.