ಕೂಸು ಜರ್ಮನಿಯಲ್ಲಿ ಹುಟ್ಟಿದರೆ ಯಾವ ಆಫೀಸಿಗೆ ಹೋಗಬೇಕು?

ತಂಗಿ, ಮೊದಲು ಅಭಿನಂದನೆ. ನಿಮ್ಮ ಮಾವನವರು "ಇಲ್ಲೇ ಜಮಖಂಡಿ ನಗರಸಭೆಯೊಳಗ ಪರಿಚಯದವರು ಅದಾರ, ಜನ್ಮ ದಾಖಲೆ ಮಾಡಿಸಿಬಿಡ್ತೀನಿ" ಅಂದದ್ದನ್ನು ನಿಮ್ಮ ಪತ್ರದಲ್ಲಿ ಓದಿ ನಗು ಬಂತು. ದಯವಿಟ್ಟು ಬೇಡ ಅನ್ನಿ. ಕೂಸು ಹುಟ್ಟಿದ್ದು ಮ್ಯೂನಿಕ್‌ನಲ್ಲಿ. ಅಲ್ಲಿನ ಜನನ ನೋಂದಣಿ ಕಚೇರಿ ಕೊಟ್ಟ ಪತ್ರವೇ ಲೆಕ್ಕಕ್ಕೆ ಬರೋದು.

ಆ ಪತ್ರ ಹಿಡಿದು, ಕೂಸು ಹುಟ್ಟಿದ ಒಂದು ವರ್ಷದೊಳಗೆ ನಮ್ಮ ಕಾನ್ಸುಲೇಟ್‌ನಲ್ಲಿ, ಅಂದ್ರೆ ಹೊರದೇಶದಲ್ಲಿರುವ ಭಾರತೀಯರ ಕಾಗದಪತ್ರ ನೋಡಿಕೊಳ್ಳುವ ನಮ್ಮ ಸರ್ಕಾರದ ಕಚೇರಿಯಲ್ಲಿ, ನೋಂದಣಿ ಮಾಡಿಸಿ. 2004ರ ಡಿಸೆಂಬರ್ 3ರಿಂದ ಈಚೆಗೆ ಹೊರದೇಶದಲ್ಲಿ ಹುಟ್ಟಿದ ಮಕ್ಕಳಿಗೆ, ಅಪ್ಪ-ಅವ್ವ ಇಬ್ಬರೂ ಭಾರತೀಯರಾಗಿದ್ದರೂ, ಇದಿಲ್ಲದೆ ಭಾರತದ ಪೌರತ್ವ ಸಿಗುವುದಿಲ್ಲ. ಕೂಸಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತಲೂ ಬರೆದುಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಒಪ್ಪಿಗೆ ಕೇಳಬೇಕಾಗುತ್ತದೆ. ಸುಮ್ನೆ ಯಾಕೆ ಆ ತಲೆನೋವು?

ಜರ್ಮನಿಯಲ್ಲಿ ಹುಟ್ಟಿದ ಮಾತ್ರಕ್ಕೆ ಕೂಸು ಜರ್ಮನ್ ಆಗುವುದೂ ಇಲ್ಲ. ಅಪ್ಪ-ಅವ್ವರಲ್ಲಿ ಒಬ್ಬರು 5 ವರ್ಷ ಕಾನೂನು ಪ್ರಕಾರ ಇಲ್ಲಿದ್ದು, ಕಾಯಂ ವಾಸದ ಹಕ್ಕು ಪಡೆದಿರಬೇಕು. 2024ರ ಜೂನ್‌ವರೆಗೆ ಅದು 8 ವರ್ಷ ಇತ್ತು. ನೀವು ಬಂದು ಎರಡೇ ವರ್ಷ ಅಂದಿರಿ, ಅಲ್ವಾ?

ಬರ್ಲಿನ್‌ನ ರಾಯಭಾರ ಕಚೇರಿಗೆ ಓಡಬೇಡಿ. ರಾಯಭಾರಿಯ ಮುಖ್ಯ ಕೆಲಸ ಸರ್ಕಾರ-ಸರ್ಕಾರದ ನಡುವಿನದು. ನಮ್ಮಂಥವರ ಕಾಗದಪತ್ರಕ್ಕೆ ಮ್ಯೂನಿಕ್, ಫ್ರಾಂಕ್‌ಫರ್ಟ್, ಹ್ಯಾಂಬರ್ಗ್‌ನಲ್ಲಿ ಕಾನ್ಸುಲೇಟ್‌ಗಳಿವೆ; ಬರ್ಲಿನ್ ಕಡೆಯವರಿಗೆ ಮಾತ್ರ ರಾಯಭಾರ ಕಚೇರಿಯ ಕಾನ್ಸುಲರ್ ವಿಭಾಗವೇ. ನೀವಿರುವ ರಾಜ್ಯ ಯಾವುದರ ವ್ಯಾಪ್ತಿಗೆ ಬರುತ್ತದೋ ಅಲ್ಲಿಗೇ ಹೋಗಬೇಕು.

ಬಾಣಂತನಕ್ಕೆ ನಿಮ್ಮ ಅವ್ವನ್ನ ಕರೆಸೋ ವೀಸಾ ಮಾತ್ರ ಜರ್ಮನಿಯವರ ಕೈಯಲ್ಲಿದೆ. ನಮ್ಮ ಕಾನ್ಸುಲೇಟ್‌ನವರಿಗೆ ಎಷ್ಟು ಫೋನ್ ಹಚ್ಚಿದರೂ ಆಗೋದಿಲ್ಲ. ಮನೆ ಮಾಲೀಕರ ಜೊತೆಗಿನ ಜಗಳವೂ ಹಾಗೇ. ನಮ್ಮವರು ಯಾರನ್ನಾದರೂ ಪೊಲೀಸರು ಹಿಡಿದರೆ, ಸಿಕ್ಕಿಬಿದ್ದವರು ಕೇಳಿದಾಗ ಅಲ್ಲಿನ ಅಧಿಕಾರಿಗಳು ಕಾನ್ಸುಲೇಟ್‌ಗೆ ಸುದ್ದಿ ಮುಟ್ಟಿಸಬೇಕು ಅಂತ 1963ರ ವಿಯೆನ್ನಾ ಒಪ್ಪಂದದಲ್ಲಿದೆ. ನಮ್ಮ ಅಧಿಕಾರಿಗಳು ಹೋಗಿ ಭೇಟಿಯಾಗಬಹುದು, ವಕೀಲರನ್ನು ಹುಡುಕಲು ನೆರವಾಗಬಹುದು. ಬಿಡಿಸಿಕೊಂಡು ಬರೋದಕ್ಕಾಗುವುದಿಲ್ಲ.

ಹೊಲದ ವಾಟ್ನಿ, ಅಂದ್ರೆ ಪಾಲು ಮಾಡೋದರ ಬಗ್ಗೆಯೂ ಕೇಳಿದ್ದಿರಿ. ನಿಮ್ಮ ಯಜಮಾನರು ಊರಿಗೆ ಹೋಗಲೇಬೇಕಂತಿಲ್ಲ. ತಮ್ಮ ಅಣ್ಣನ ಹೆಸರಿಗೆ ವಟಮುಖತ್ಯಾರ ಪತ್ರ (ತಮ್ಮ ಪರವಾಗಿ ಕೆಲಸ ಮಾಡುವ ಅಧಿಕಾರ ಕೊಡುವ ಪತ್ರ) ಬರೆಸಿ, ಕಾನ್ಸುಲರ್ ಅಧಿಕಾರಿಯ ಎದುರೇ ಸಹಿ ಮಾಡಲಿ, ಮನೆಯಲ್ಲಿ ಮೊದಲೇ ಮಾಡಿಕೊಂಡು ಹೋಗೋದು ಬೇಡ. ಪತ್ರ ಊರಿಗೆ ಮುಟ್ಟಿದ ಮೇಲೆ 3 ತಿಂಗಳೊಳಗೆ ಅಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಪಾಸ್‌ಪೋರ್ಟ್‌ನಲ್ಲಿರುವ ಹೆಸರು, ಉತಾರದಲ್ಲಿರುವ (ಹೊಲದ ಪಹಣಿಯಲ್ಲಿರುವ) ಹೆಸರು ಒಂದೇ ಇದೆಯೇ ಅಂತ ಇವತ್ತೇ ಮಾವನವರಿಂದ ಫೋಟೊ ತರಿಸಿ ನೋಡಿ.